ಸಿಳ್ಳೆಗಾಗಿ ಕಾದವರು

ನಮ್ಮ ಚರ್ಚಿನ ಸಭೆಯಲ್ಲಿ ದೇವರ ಹೆಸರು ಬಿಟ್ಟರೆ ಅತಿ ಹೆಚ್ಚು ಸಲ ಕೇಳಿಬರುತ್ತಿದ್ದ ಹೆಸರು ಟಿಲ್ಲಿಯದು. ಟಿಲ್ಲಿ ಎಂದರೆ ಬರ್ಟೋಲ್ಡ್ ನೋಸ್ಕೆಯ ಕುರಿನಾಯಿ. ಕಪ್ಪು ಬಿಳುಪಿನ ಹೆಣ್ಣು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿದ್ದು.

ನಮ್ಮ ಪಾಸ್ಟರ್ ನಾಲ್ಕು ಊರಿನ ಸಭೆಗಳಿಗೆ ಒಬ್ಬರೇ. ದಕ್ಷಿಣ ಆಸ್ಟ್ರೇಲಿಯಾದ ಈ ಮಲ್ಲೀ ಪ್ರದೇಶದ ಧೂಳು ರಸ್ತೆಯಲ್ಲಿ ಅವರ ಕಾರು ಎಲ್ಲಾ ಕಡೆ ತಲುಪುವುದು ಸಾಧ್ಯವಿರಲಿಲ್ಲ. ಹಾಗಾಗಿ ಹೆಚ್ಚಿನ ಭಾನುವಾರ ನಮ್ಮ ಪಾಲಿಗೆ ಬರುತ್ತಿದ್ದವನು ಸಭಾಹಿರಿಯ ಬರ್ಟೋಲ್ಡ್. ಅಡಿಲೇಡಿನಿಂದ ಅಚ್ಚಾಗಿ ಬಂದ ಪ್ರಸಂಗವನ್ನು, ಅಂದರೆ ವಾರದ ಉಪದೇಶವನ್ನು, ಅವನು ಗೋಧಿ ಮೂಟೆ ಇಳಿಸುವ ಹಾಗೆ ಒಂದೊಂದೇ ವಾಕ್ಯ ಇಳಿಸಿ ಮುಗಿಸುತ್ತಿದ್ದ. ಅದನ್ನು ಕೇಳುತ್ತಾ ಅರ್ಧ ಸಭೆ ತೂಕಡಿಸುತ್ತಿತ್ತು. ಆದರೆ ಪ್ರಸಂಗಕ್ಕೆ ಮೊದಲು ಮಕ್ಕಳಿಗೆಂದು ನಾಲ್ಕು ಮಾತು ಹೇಳುವ ಪದ್ಧತಿ ಇದೆಯಲ್ಲ, ಅಲ್ಲಿ ಎಲ್ಲರಿಗೂ ಎಚ್ಚರ.

"ಮಕ್ಕಳೇ, ಈ ವಾರ ಟಿಲ್ಲಿ ಏನ್ ಮಾಡಿದ್ಲು ಗೊತ್ತಾ?" ಎಂದು ಅವನು ಶುರು ಮಾಡಿದರೆ ಮಕ್ಕಳ ಜೊತೆ ಅಜ್ಜಂದಿರೂ ಮುಂದೆ ಬಾಗುತ್ತಿದ್ದರು.

ಟಿಲ್ಲಿ ಏನು ಮಾಡಿದರೂ ಕೊನೆಗೆ ಅದು ದೇವರಿಗೆ ವಿಧೇಯರಾಗುವ ವಿಷಯಕ್ಕೇ ಬಂದು ನಿಲ್ಲುತ್ತಿತ್ತು. ಮರಿಯಾಗಿದ್ದಾಗ ಅದಕ್ಕೆ ಉದ್ದದ ಹಗ್ಗ ಕಟ್ಟಿ ನಿಲ್ಲುವುದನ್ನು ಕಲಿಸಿದ ಕಥೆ ಹೇಳಿದ. ಹಗ್ಗ ಎಳೆದಾಗ ನಿಲ್ಲುವುದು ದೊಡ್ಡದಲ್ಲ, ಹಗ್ಗ ಬಿಚ್ಚಿದ ಮೇಲೂ ನಿಲ್ಲುವುದು ದೊಡ್ಡದು ಎಂದ. ಇನ್ನೊಂದು ಭಾನುವಾರ ಟಿಲ್ಲಿಗೆ ಬಿಡುವು ಕೊಟ್ಟು, ಎಳೆಗರುವನ್ನು ಕತ್ತೆಯ ಕೊರಳಿಗೆ ಕಟ್ಟಿ ಪಳಗಿಸಿದ್ದನ್ನು ಹೇಳಿದ. ಕರು ಎಷ್ಟು ಜಗ್ಗಿದರೂ ಕತ್ತೆ ತಾನು ಹೋಗುವ ಕಡೆಗೇ ಹೋಗುತ್ತದೆ, ಮೂರನೇ ದಿನಕ್ಕೆ ಕರುವಿಗೆ ಬುದ್ಧಿ ಬರುತ್ತದೆ ಎಂದ. ಹಾಗಾದರೆ ದೇವರು ಕತ್ತೆಯೇ ಎಂದು ಒಂದು ಹುಡುಗಿ ಕೇಳಿ, ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

ನಾನು ಎಲ್ಫ್ರೀಡಾ ಪೆಕ್. ಊರಿಗೆಲ್ಲ ಎಲ್ಫಿ. ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು ನಾನೇ. ಅವನ ಪಾಠ ಉದ್ದವಾದರೆ ಮುಂದಿನ ಹಾಡಿನ ಮೊದಲ ಸ್ವರವನ್ನು ಮೆಲ್ಲಗೆ ಒತ್ತಿಬಿಡುವ ಅಧಿಕಾರವನ್ನು ನನಗೆ ನಾನೇ ಕೊಟ್ಟುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ಅವನ ಕೆಲವು ಪಾಠಗಳು ನನಗೂ ತಟ್ಟಿವೆ. ಮನಸ್ಸಿನಲ್ಲಿ ಇಲ್ಲದ ಮಾತು ಅವನ ಬಾಯಿಗೆ ಬರುವುದಿಲ್ಲ. ಅವನನ್ನು ಇಷ್ಟಪಡಲು ನನಗೆ ಅಷ್ಟು ಸಾಕಾಗಿತ್ತು. ಇಷ್ಟಪಟ್ಟಿದ್ದೆ ಕೂಡ. ಪಟ್ಟು ಏನು ಬಂತು ಎನ್ನುವುದೇ ಈ ಕಥೆ.

ಮೂರು ವರ್ಷದ ಹಿಂದೆ, ಸಭೆಯ ಚಹಾ ಕೂಟ ಮುಗಿದ ಮೇಲೆ, ನಾನು ಕಪ್ಪು ತೊಳೆಯುತ್ತಿದ್ದೆ, ಅವನು ಒರೆಸುತ್ತಿದ್ದ. ಅವನ ಹೆಂಡತಿ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು, ನನ್ನ ಗಂಡ ಆರ್ನೋ ಹೋಗಿಯೂ ಕಡಿಮೆಯೇನಲ್ಲ. ಇದ್ದಕ್ಕಿದ್ದ ಹಾಗೆ ಅವನು ಹೇಳಿದ.

"ಎಲ್ಫಿ, ನಿನ್ನ ಬಗ್ಗೆ ಪ್ರಾರ್ಥನೆ ಮಾಡ್ತಾ ಇದ್ದೀನಿ."

"ಯಾಕೋ, ನಂಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ!"

"ಕಾಯಿಲೆ ವಿಷ್ಯ ಅಲ್ಲ. ಮದುವೆ ವಿಷ್ಯ."

"ಯಾರ ಮದುವೆ?"

"ನಮ್ಮದೇ," ಎಂದು ಅವನು ಕಪ್ಪಿನ ಒಳಗೆ ನೋಡುತ್ತಾ ಹೇಳಿದ. "ದೇವರು ಹೂಂ ಅಂದ್ರೆ ನಿನ್ನನ್ನ ಕೇಳ್ತೀನಿ."

"ನಾನು ಹೂಂ ಅಂತೀನೋ ಇಲ್ವೋ ಅನ್ನೋದು?"

"ಅದು ಆಮೇಲೆ. ಮೊದಲು ಅವನು."

ನನಗೆ ನಗು ಬಂತು. ಆ ಸಂಜೆ ಮನೆಗೆ ಹೋಗುವಾಗ ಹಾಡು ಗುನುಗಿಕೊಂಡೇ ಹೋದೆ. ಹೆಚ್ಚೆಂದರೆ ಒಂದು ತಿಂಗಳು ಎಂದುಕೊಂಡಿದ್ದೆ.

ನಮ್ಮ ಕಡೆ ಎಲ್ಲರ ಮನೆಯ ಊಟದ ಮೇಜಿನ ಮೇಲೂ ಒಂದು ವಚನದ ಡಬ್ಬಿ ಇರುತ್ತದೆ. ಬೆಂಕಿಪೊಟ್ಟಣದಷ್ಟು ಅಗಲದ ಚಿಕ್ಕ ಪೆಟ್ಟಿಗೆ, ಒಳಗೆ ಬೈಬಲ್ಲಿನ ಮಾತು ಬರೆದು ಸುರುಳಿ ಸುತ್ತಿದ ಚೀಟಿಗಳು. ಬೆಳಿಗ್ಗೆ ತಿಂಡಿ ಮುಗಿಸಿ ಒಂದು ತೆಗೆದು ಓದಿ ಏಳುತ್ತೇವೆ, ಅಷ್ಟೇ. ಬರ್ಟೋಲ್ಡ್ ಮಾತ್ರ ಅದಕ್ಕೆ ಪ್ರಶ್ನೆ ಕೇಳತೊಡಗಿದ. ಎಲ್ಫಿಯನ್ನು ಮದುವೆಯಾಗಲೋ ಬೇಡವೋ ಎಂದು ಕಣ್ಣು ಮುಚ್ಚಿ ಕೇಳಿ ಚೀಟಿ ಎತ್ತುವುದು. ಒಂದು ದಿನ ಮಿಡತೆಯ ದಂಡಿನ ವಿಷಯ ಬಂತಂತೆ. ಒಂದು ದಿನ ಯಾವುದೋ ಗೋಡೆಯ ಉದ್ದಗಲ. ಇನ್ನೊಂದು ದಿನ ಹಂದಿ ಮಾಂಸ ತಿನ್ನಬಾರದೆಂಬ ಮಾತು. ಅದನ್ನು ಓದಿದ್ದು ಪ್ರತಿ ಚಳಿಗಾಲ ಎರಡು ಹಂದಿ ಕಡಿದು, ಸಾಸೇಜು ತುಂಬಿ, ಹೊಗೆಗೂಡಿನಲ್ಲಿ ತೂಗುಹಾಕುವ ಮನುಷ್ಯ.

"ಇವತ್ತೂ ಸ್ಪಷ್ಟವಾಗಿಲ್ಲ ಎಲ್ಫಿ," ಎಂದು ಅವನು ಬೇಲಿಯ ಆಚೆಯಿಂದ ಹೇಳುತ್ತಿದ್ದ.

"ಮಿಡತೆ ಅಂದ್ರೆ ನಾನೇ ಇರಬೇಕು, ಯೋಚ್ನೆ ಮಾಡು," ಎನ್ನುತ್ತಿದ್ದೆ ನಾನು.

ಹೀಗೆ ನಗಾಡಿಕೊಂಡೇ ಮೂರು ಸುಗ್ಗಿ ಕಳೆದವು. ಊರಿಗೆಲ್ಲ ವಿಷಯ ಗೊತ್ತಿತ್ತು. ಆರ್ನೋನ ತಂಗಿ, ನನ್ನ ನಾದಿನಿ ಮೇಟಾ, ಬಾಯಿಗೆ ಬೀಗ ಹಾಕಿಕೊಂಡವಳಲ್ಲ. ಅವಳಂತೂ ಕಂಡಾಗಲೆಲ್ಲ, "ಏನಂತೆ ಮೇಲಿನೋರು? ಲೈನ್ ಸಿಗ್ತಾ ಇಲ್ವಂತಾ?" ಎಂದು ಕೇಳುತ್ತಿದ್ದಳು.

ಈ ನಡುವೆ ಟಿಲ್ಲಿ ದೊಡ್ಡದಾಯಿತು. ಮರಿಯಾಗಿದ್ದಾಗ ಅದು ಬಲು ಚುರುಕು. ಕುರಿ ಯಾವ ಕಡೆ ನುಗ್ಗಬಹುದು ಎಂದು ಕುರಿಗಿಂತ ಮೊದಲೇ ಅದಕ್ಕೆ ತಿಳಿಯುತ್ತಿತ್ತು. ಯಾರೂ ಹೇಳದೆ ಸುತ್ತುಹಾಕಿ, ಹಿಂದೆ ನಿಂತು, ನಮ್ಮ ಕಡೆ ತರುತ್ತಿತ್ತು. ಬರ್ಟೋಲ್ಡನಿಗೆ ಇದು ಹಿಡಿಸಲಿಲ್ಲ. ತಾನು ಹೇಳುವ ಮೊದಲೇ ನಾಯಿ ಹೆಜ್ಜೆ ಇಟ್ಟರೆ ಅದು ಅವಿಧೇಯತೆ ಎನ್ನುವುದು ಅವನ ಲೆಕ್ಕ. ಹಾಗಾಗಿ ಎಲ್ಲದಕ್ಕೂ ಸಿಳ್ಳೆ ಕಟ್ಟಿದ. ಎಡಕ್ಕೆ ಒಂದು, ಬಲಕ್ಕೆ ಒಂದು, ನಿಲ್ಲಲು ಒಂದು, ನಿಧಾನಕ್ಕೆ ಮುಂದೆ ಬರಲು ಒಂದು. ಸಿಳ್ಳೆ ಇಲ್ಲದೆ ಟಿಲ್ಲಿ ಅಲುಗಾಡಿದರೆ ಕೆಲಸ ನಿಲ್ಲಿಸಿ ಮತ್ತೆ ಮೊದಲಿಂದ ಮಾಡಿಸುತ್ತಿದ್ದ. ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಅವನ ತಾಳ್ಮೆಯೇ ಸಾಕು, ಎಂಥ ಜೀವವನ್ನೂ ಸುಸ್ತು ಮಾಡುತ್ತದೆ.

ಆ ಭಾನುವಾರಗಳಲ್ಲಿ ಮಕ್ಕಳಿಗೆ ಅವನ ಪಾಠ ಹೀಗಿತ್ತು: "ಈಗ ಟಿಲ್ಲಿ ನಾನು ಹೇಳದೆ ಒಂದ್ ಹೆಜ್ಜೇನೂ ಇಡಲ್ಲ. ನಾವೂ ದೇವರ ಮುಂದೆ ಹಾಗೇ ಇರಬೇಕು."

ಮೇಟಾ ನನ್ನ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದಳು. "ನಿನ್ನೆ ನೋಡ್ದೆ ಕಣೇ. ಆ ನಾಯಿ ಕುರಿ ನೋಡೋದೇ ಬಿಟ್ಟಿದೆ. ಬರೀ ಅವನ ಮುಖ ನೋಡುತ್ತೆ."

ಅವಳು ಹೇಳಿದ್ದು ನಿಜ. ಟಿಲ್ಲಿ ಎರಡು ಹೆಜ್ಜೆ ಇಟ್ಟು ಕತ್ತು ತಿರುಗಿಸಿ ಅವನನ್ನು ನೋಡುತ್ತಿತ್ತು. ಮತ್ತೆ ಎರಡು ಹೆಜ್ಜೆ, ಮತ್ತೆ ಕತ್ತು. ನನಗೆ ಪಾಪ ಅನ್ನಿಸುತ್ತಿತ್ತು, ಆದರೆ ಪರರ ನಾಯಿಯ ವಿಷಯದಲ್ಲಿ ಬಾಯಿ ಹಾಕಬಾರದು ಎಂದು ಸುಮ್ಮನಿದ್ದೆ.

ಆ ವರ್ಷದ ಬೆಳೆ ಹಬ್ಬ ಹತ್ತಿರವಾದಾಗ ನನಗೆ ಅಡಿಲೇಡಿನಿಂದ ಒಂದು ಫೋನ್ ಬಂತು. ನಮ್ಮ ಪಂಗಡದ ಒಂದು ಶಾಲೆಯ ವಿದ್ಯಾರ್ಥಿನಿಲಯಕ್ಕೆ ಅಡುಗೆಮನೆ ನಡೆಸುವವಳು ಬೇಕಂತೆ. ಇರಲು ಎರಡು ಕೋಣೆ, ಕೆಳಗೆ ತೋಟ, ಸುತ್ತ ಮಕ್ಕಳ ಗಲಾಟೆ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಒಳ್ಳೆಯ ಕೆಲಸ. ನನಗೆ ಹೋಗುವ ಮನಸ್ಸು ಚೂರೂ ಇರಲಿಲ್ಲ. ಆದರೆ ಇಲ್ಲಿ ಒಂದೇ ತಟ್ಟೆ ತೊಳೆದು, ಒಂದೇ ಕುರ್ಚಿ ಸರಿಸಿ, ರೇಡಿಯೋ ಜೊತೆ ಮಾತಾಡಿಕೊಂಡು ಇನ್ನೊಂದು ಚಳಿಗಾಲ ಕಳೆಯುವ ಮನಸ್ಸೂ ಇರಲಿಲ್ಲ.

ಚರ್ಚಿನ ಅಲಂಕಾರಕ್ಕೆ ಕುಂಬಳಕಾಯಿ ತಂದುಕೊಡಲು ಬಂದ ಬರ್ಟೋಲ್ಡನಿಗೆ ಬಾಗಿಲಲ್ಲೇ ವಿಷಯ ಹೇಳಿದೆ. ಅವನ ಮುಖ ಇಳಿದುಹೋಯಿತು. ಕುಂಬಳಕಾಯಿಯನ್ನು ಕೆಳಗೆ ಇಡುವುದನ್ನೇ ಮರೆತ.

"ಸೋಮವಾರಾನಾ?"

"ಹೂಂ. ಸೋಮವಾರ."

"ಅಷ್ಟರೊಳಗೆ ಅವನು ಏನಾದ್ರೂ ಹೇಳ್ತಾನೋ ಇಲ್ವೋ..."

"ಯಾರು?"

ಅವನು ಕುಂಬಳಕಾಯಿಯ ಜೊತೆಗೇ ಗದ್ದವನ್ನು ಮೇಲಕ್ಕೆ ಎತ್ತಿ ಆಕಾಶ ತೋರಿಸಿದ.

"ನಂಬರ್ ಕೊಡು, ನಾನೇ ಫೋನ್ ಮಾಡ್ತೀನಿ," ಎಂದೆ.

"ತಮಾಷೆ ಮಾಡ್ಬೇಡ ಎಲ್ಫಿ. ನನ್ನಿಷ್ಟಕ್ಕೆ ನಾನು ನಡೆದ್ರೆ ಅದು ವಿಧೇಯತೆ ಆಗಲ್ಲ. ನೀನು ಹೋಗೋದು ನಂಗೆ ಬೇಡ. ಆದ್ರೆ ನಂಗೆ ಬೇಡ ಅನ್ನೋದು ಒಂದು ಕಾರಣ ಆಗುತ್ತಾ?"

ಇಷ್ಟು ಒಳ್ಳೆಯ ಮನುಷ್ಯನ ಮುಖದ ಮೇಲೆ ಇಷ್ಟು ಸಿಟ್ಟಿನಿಂದ ಬಾಗಿಲು ಹಾಕಿದವಳು ಊರಲ್ಲಿ ಇನ್ನೊಬ್ಬಳು ಇರಲಾರಳು.

ಶನಿವಾರ ಊರ ಬಯಲಿನಲ್ಲಿ ಕುರಿನಾಯಿಗಳ ಪಂದ್ಯ. ನಮ್ಮ ಕಡೆ ಇದಕ್ಕೆ ಕ್ರಿಕೆಟ್ಟಿಗಿಂತ ಜಾಸ್ತಿ ಜನ. ಬಯಲಿನ ಆ ತುದಿಯಲ್ಲಿ ಮೂರು ಕುರಿ ಬಿಡುತ್ತಾರೆ, ಈ ತುದಿಯಲ್ಲಿ ನೆಟ್ಟ ಗೂಟದ ಪಕ್ಕ ಯಜಮಾನ ನಿಲ್ಲುತ್ತಾನೆ. ನಾಯಿ ದೊಡ್ಡ ಸುತ್ತುಹಾಕಿ ಕುರಿಗಳ ಬೆನ್ನಿಗೆ ಹೋಗಿ, ಅವನ್ನು ಯಜಮಾನನವರೆಗೆ ನಡೆಸಿಕೊಂಡು ಬರಬೇಕು. ಆಮೇಲೆ ಅಲ್ಲೇ ಇಟ್ಟಿರುವ ಮರದ ಸೇತುವೆ ದಾಟಿಸಿ ಸಣ್ಣ ದೊಡ್ಡಿಗೆ ತುಂಬಬೇಕು. ಕುರಿ ತನ್ನ ಬಳಿ ಬರುವವರೆಗೆ ಯಜಮಾನ ಗೂಟ ಬಿಟ್ಟು ಕದಲುವಂತಿಲ್ಲ. ಕದಲಿದರೆ ಆಟ ಮುಗಿಯಿತು.

ಮೇಟಾ ಕೇಕಿನ ಮೇಜು ನೋಡಿಕೊಳ್ಳುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಚಹಾ ಬಗ್ಗಿಸುತ್ತಿದ್ದೆ. ಬಡಗಣ ಗಾಳಿ ಎದ್ದಿತ್ತು, ಬಿಸಿ, ಮಣ್ಣು ಬೇರೆ. ಕೇಕಿನ ಮೇಲೆ ಹಾಕಿದ ಬಟ್ಟೆಯನ್ನು ನಾಲ್ಕು ಮೂಲೆಗೂ ಕಲ್ಲಿಟ್ಟು ಹಿಡಿಸಬೇಕಾಯಿತು.

ಬರ್ಟೋಲ್ಡನ ಸರದಿ ಬಂತು. ಭಾನುವಾರದ ಟೋಪಿ ಹಾಕಿಕೊಂಡಿದ್ದ. ಟಿಲ್ಲಿ ಅವನ ಕಾಲಿಗೆ ಒತ್ತಿ ಕೂತಿತ್ತು. ಅವನು ಒಂದು ಸಿಳ್ಳೆ ಹಾಕಿದ್ದೇ ತಡ, ಅದು ನೆಲಕ್ಕೆ ಅಂಟಿಕೊಂಡ ಹಾಗೆ ಹೊರಟು, ಬಯಲನ್ನೆಲ್ಲ ಬಳಸಿ, ಕುರಿಗಳು ತಲೆ ಎತ್ತುವಷ್ಟರಲ್ಲಿ ಅವುಗಳ ಬೆನ್ನ ಹಿಂದೆ ಇತ್ತು. ಜನ ಓಹೋ ಎಂದರು. ನಿಲ್ಲುವ ಸಿಳ್ಳೆ ಹೋಯಿತು. ಟಿಲ್ಲಿ ಅಲ್ಲೇ ಮಲಗಿತು. ತೀರ್ಪುಗಾರ ಕೂಡ ತಲೆದೂಗಿದ.

ಆಗ ಗಾಳಿ ಜೋರಾಯಿತು.

ಬರ್ಟೋಲ್ಡ್ ಮುಂದೆ ಬರುವ ಸಿಳ್ಳೆ ಹಾಕಿದ. ಗಾಳಿ ಅದನ್ನು ನಮ್ಮ ಕಡೆಗೆ ತಂದು ಕೇಕಿನ ಮೇಲೆ ಕೆಡವಿತು. ಟಿಲ್ಲಿ ಏಳಲಿಲ್ಲ. ಮತ್ತೆ ಹಾಕಿದ. ಅದು ಕತ್ತು ಎತ್ತಿ ಅವನನ್ನೇ ನೋಡುತ್ತಿತ್ತು. ಕುರಿಗಳು ನಾಯಿಯನ್ನು ಒಂದು ಸಲ ನೋಡಿದವು, ಒಂದನ್ನೊಂದು ನೋಡಿಕೊಂಡವು, ಇದ್ಯಾವುದೋ ಸಾಧು ಪ್ರಾಣಿ ಎಂದು ಮೇಯತೊಡಗಿದವು. ಆಮೇಲೆ ಒಂದು ಕುರಿ ಎಡಕ್ಕೆ ಸರಿಯಿತು. ಇನ್ನೆರಡು ಅದರ ಹಿಂದೆ ಹೊರಟವು. ಟಿಲ್ಲಿ ನಾಲ್ಕು ಹೆಜ್ಜೆ ಎಡಕ್ಕೆ ಓಡಿದ್ದರೆ ಸಾಕಿತ್ತು. ಅದು ಟಿಲ್ಲಿಗೂ ಗೊತ್ತಿತ್ತು. ಅದರ ಮೈಯೆಲ್ಲ ಎಡಕ್ಕೆ ಎಳೆಯುತ್ತಿರುವುದು, ಹಿಂಗಾಲು ನಡುಗುತ್ತಿರುವುದು ನಮಗೆ ಇಲ್ಲಿಂದಲೇ ಕಾಣುತ್ತಿತ್ತು. ಆದರೂ ಅದು ಮಲಗಿದ ಕಡೆಯೇ ಮಲಗಿತ್ತು, ಕಣ್ಣು ಮಾತ್ರ ಬರ್ಟೋಲ್ಡನ ಮೇಲೆ.

"ಎದ್ದೇಳು ಮಗಾ, ಎದ್ದೇಳು," ಎಂದು ನಾನು ಚಹಾದ ಕೆಟಲ್ ಹಿಡಿದುಕೊಂಡೇ ಗೊಣಗಿದೆ.

ಮೊದಲು ಜನ ನಕ್ಕರು. "ನಿದ್ದೆ ಬಂದಿರ್ಬೇಕು, ಬರ್ಟೋಲ್ಡನ ಪ್ರಸಂಗ ಕೇಳಿ ಕೇಳಿ!" ಎಂದು ಯಾರೋ ಕೂಗಿದರು. ಬರ್ಟೋಲ್ಡ್ ಟೋಪಿ ತೆಗೆದು ಬೀಸಿದ, ಕೈ ಬೀಸಿದ, ಗಂಟಲು ಹರಿಯುವ ಹಾಗೆ ಕೂಗಿದ. ಅವನ ಮುಖ ಕೆಂಪಾಗಿತ್ತು. ನಗುತ್ತಿದ್ದವರೂ ಮೆಲ್ಲಮೆಲ್ಲಗೆ ನಗು ನಿಲ್ಲಿಸಿದರು. ಕುರಿಗಳು ಬಯಲಿನ ಮೂಲೆಗೆ ಹೋಗಿ ಬೇಲಿಯ ನೆರಳಿನಲ್ಲಿ ಮಲಗಿದವು. ಗಂಟೆ ಹೊಡೆದು ಆಟ ಮುಗಿಯಿತು. ಬರ್ಟೋಲ್ಡ್ ಗೂಟ ಬಿಟ್ಟು ಅಷ್ಟು ದೂರವೂ ನಡೆದುಹೋಗಿ, ಮೊಣಕಾಲೂರಿ, ಟಿಲ್ಲಿಯ ಕಿವಿಯ ಹತ್ತಿರ ಏನೋ ಹೇಳಿದ ಮೇಲೆಯೇ ಅದು ಎದ್ದದ್ದು.

ಚಹಾ ತೆಗೆದುಕೊಂಡು ಅವನ ಪಿಕಪ್ ಹತ್ತಿರ ಹೋದೆ. ಹಿಂದಿನ ಹಲಗೆ ಇಳಿಸಿ ಅದರ ಮೇಲೆ ಕೂತಿದ್ದ, ಟಿಲ್ಲಿಯ ತಲೆ ಅವನ ತೊಡೆಯ ಮೇಲಿತ್ತು.

"ಇದ್ರದ್ದೇನೂ ತಪ್ಪಿಲ್ಲ ಎಲ್ಫಿ," ಎಂದ. "ನನ್ನ ಮಾತು ಕೇಳೋದು ಕಲಿಸ್ದೆ. ನಂಗೇನು ಬೇಕು ಅನ್ನೋದು ಕಲಿಸ್ಲೇ ಇಲ್ಲ. ಅಲ್ಲ, ಅದಕ್ಕೆ ಮೊದಲೇ ಗೊತ್ತಿತ್ತು. ನಾನೇ ಮರೆಸ್ದೆ."

ನನ್ನ ಎದೆ ಹಗುರವಾಯಿತು. ಅಂತೂ ಮನುಷ್ಯನಿಗೆ ಬೆಳಕಾಯಿತು ಎಂದುಕೊಂಡೆ. ಅವನ ಪಕ್ಕದಲ್ಲೇ ಕೂತೆ. ಅವನು ಚಹಾ ಗುಟುಕರಿಸಿ ನನ್ನ ಕಡೆ ತಿರುಗಿದ.

"ಇದ್ರಲ್ಲಿ ನಾಳೆ ಮಕ್ಕಳಿಗೆ ಒಂದು ಒಳ್ಳೇ ಪಾಠ ಇದೆ, ಅಲ್ವಾ?"

ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟನ್ನು ದೇವರೇ ಬಲ್ಲ.

"ಮಕ್ಕಳಿಗಾ? ಬರ್ಟೋಲ್ಡ್, ಒಂದು ಮಾತು ಕೇಳ್ತೀನಿ, ನೆಟ್ಟಗೆ ಉತ್ತರ ಕೊಡು. ಆರ್ನೋ ಸತ್ತ ವಾರ ನನ್ನ ಹೊಲಕ್ಕೆ ಬಂದು ಅಷ್ಟೂ ಗೋಧಿ ಕೊಯ್ದು ಚೀಲ ಕಟ್ಟಿಟ್ಟು ಹೋದೆಯಲ್ಲ. ನಾನು ಕರೆದಿರ್ಲಿಲ್ಲ. ಆಗ ಯಾವ ಚೀಟಿ ತೆಗೆದು ನೋಡಿದ್ದೆ?"

ಅವನು ಕಕ್ಕಾಬಿಕ್ಕಿಯಾದ. "ಅದ್ರಲ್ಲಿ ಕೇಳೋದೇನಿತ್ತು? ಗೋಧಿ ಬಲಿತು ನಿಂತಿತ್ತು. ಮಳೆ ಬಂದಿದ್ರೆ ಎಲ್ಲಾ ಹಾಳಾಗ್ತಿತ್ತು."

"ನಾನೂ ನಿಂತಿದ್ದೀನಿ ಕಣೋ!"

ಅವನು ಬಾಯಿ ತೆರೆದ. ಟಿಲ್ಲಿ ಅವನ ಮುಖ ನೋಡಿತು, ನಾನೂ ನೋಡಿದೆ. ಮಾತು ಅವನ ನಾಲಿಗೆಯ ತುದಿಯವರೆಗೆ ಬಂದದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಅವನು ಅದನ್ನು ನುಂಗಿ, "ಇವತ್ತು ಮನೆಗೆ ಹೋಗಿ ಇನ್ನೊಂದ್ಸಲ ಪ್ರಾರ್ಥನೆ ಮಾಡ್ತೀನಿ," ಎಂದ.

ಅವನ ಕೈಯ ಕಪ್ಪು ಕಿತ್ತುಕೊಂಡು, ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿ ಎದ್ದು ಬಂದೆ. ಅವನ ತಲೆಯ ಮೇಲೆ ಚೆಲ್ಲಲಿಲ್ಲ ಎನ್ನುವುದನ್ನು ನನ್ನ ಪುಣ್ಯದ ಖಾತೆಗೆ ಸೇರಿಸಬೇಕು.

ಮನೆಗೆ ಹೋಗುವಾಗ ಮೇಟಾ ಕಾರು ಓಡಿಸುತ್ತಿದ್ದಳು. ನಾನು ದಾರಿಯುದ್ದಕ್ಕೂ ಬೈದೆ. ಅವನನ್ನು, ಅವನ ಡಬ್ಬಿಯನ್ನು, ಮಿಡತೆಗಳನ್ನು, ಬಡಗಣ ಗಾಳಿಯನ್ನು, ಯಾರನ್ನೂ ಬಿಡಲಿಲ್ಲ. ಅಳುವೂ ಬಂತು. ಮೇಟಾ ನನ್ನ ಮಾತು ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ಅವಳ ಪಾಲಿಗೆ ಅದೇ ಒಂದು ಪವಾಡ.

"ಆಯ್ತಾ?" ಎಂದಳು ಕೊನೆಗೆ. "ಅವನು ಮೂರು ವರ್ಷ ಪ್ರಾರ್ಥನೆ ಮಾಡ್ದ. ನೀನೇನ್ ಮಾಡ್ದೆ?"

"ನಾನೇನ್ ಮಾಡೋದು? ಅವನು ಕೇಳ್ಲಿ ಅಂತ ಕಾದೆ."

"ಹೂಂ. ಟಿಲ್ಲೀನೂ ಕಾದ್ಲು."

ನಾನು ಅವಳ ಕಡೆ ತಿರುಗಿದೆ. ಅವಳು ರಸ್ತೆ ನೋಡುತ್ತಿದ್ದಳು.

"ನಮ್ಮಣ್ಣ ಹೋಗಿ ಇಷ್ಟು ವರ್ಷ ಆಯ್ತು," ಎಂದಳು ಮೇಟಾ, ಅವಳಿಗೆ ಒಗ್ಗದ ಮೆದು ದನಿಯಲ್ಲಿ. "ನೀನು ಸಂತೋಷವಾಗಿದ್ರೆ ಅವನಿಗೇನೂ ಬೇಜಾರಿಲ್ಲ, ನಂಗೂ ಇಲ್ಲ. ನೀನು ಅಡಿಲೇಡಿಗೆ ಹೋದ್ರೆ ಮಾತ್ರ ನಂಗೆ ಬೇಜಾರು. ಯಾರ ಜೊತೆ ಜಗಳ ಆಡ್ಲಿ?"

ಭಾನುವಾರ ಚರ್ಚು ತುಂಬಿತ್ತು. ಬಲಿಪೀಠದ ಸುತ್ತ ಗೋಧಿಯ ಹೊರೆ, ಕುಂಬಳ, ದ್ರಾಕ್ಷಿ, ಉಪ್ಪುನೀರಿನ ಸೌತೆಕಾಯಿ ಜಾಡಿಗಳು, ಬರ್ಟೋಲ್ಡನ ಮನೆಯ ಸಾಸೇಜಿನ ಉದ್ದನೆಯ ಸರ. ಒಳಗೆಲ್ಲ ಬೆಳ್ಳುಳ್ಳಿ ಮತ್ತು ಹೊಗೆಯ ವಾಸನೆ. ಪಾಸ್ಟರ್ ಇನ್ನೊಂದು ಊರಿನ ಬೆಳೆ ಹಬ್ಬಕ್ಕೆ ಹೋಗಿದ್ದರು. ಬರ್ಟೋಲ್ಡ್ ಎದ್ದು ನಿಂತ. ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿರಲಿಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು.

"ಮಕ್ಕಳೇ, ನಿನ್ನೆ ಟಿಲ್ಲಿ ಏನ್ ಮಾಡಿದ್ಲು ಅಂತ ನೀವೆಲ್ಲ ನೋಡಿದ್ದೀರಿ," ಎಂದ. ಯಾರೂ ನಗಲಿಲ್ಲ. "ಇಷ್ಟು ದಿನ ನಾನು ನಿಮಗೆ ಅರ್ಧ ಪಾಠ ಹೇಳಿದ್ದೆ. ನಿಲ್ಲು ಅಂದಾಗ ನಿಲ್ಲೋದು ವಿಧೇಯತೆ, ಸರಿ. ಆದ್ರೆ ಕುರುಬನಿಗೆ ಬೇಕಾಗಿರೋದು ನಾಯಿ ನಿಲ್ಲೋದಲ್ಲ, ಕುರಿ ಮನೆಗೆ ಬರೋದು. ಅದು ಗೊತ್ತಿರೋ ನಾಯಿ ಸಿಳ್ಳೆ ಕೇಳ್ಸದೇ ಇದ್ರೂ ಕೆಲಸ ಮಾಡುತ್ತೆ. ಅದೂ ವಿಧೇಯತೇನೇ. ಬಹುಶಃ ದೊಡ್ಡ ವಿಧೇಯತೆ. ದೇವರಿಗೆ ಏನಿಷ್ಟ ಅಂತ ನಮಗೆ ಬೇಕಾದಷ್ಟು ಸಲ ಹೇಳಿಯಾಗಿದೆ. ದಿನಾ ಹೊಸದಾಗಿ ಹೇಳ್ಲಿ ಅಂತ ಮಲಗಿದ್ರೆ ಕುರಿ ಹೊರಟುಹೋಗುತ್ತೆ."

ಇಡೀ ಸಭೆ ಅವನನ್ನು ನೋಡಿತು. ಆಮೇಲೆ ಇಡೀ ಸಭೆ ಕತ್ತು ತಿರುಗಿಸಿ ಆರ್ಗನ್ನಿನ ಕಡೆ ನೋಡಿತು. ಎಲ್ಲರಿಗೂ ಅರ್ಥವಾಗಿತ್ತು, ಮಾತಾಡಿದವನೊಬ್ಬನನ್ನು ಬಿಟ್ಟು. ಅವನು ಪ್ರಸಂಗದ ಪುಟ ಹುಡುಕುತ್ತಿದ್ದ.

ಪ್ರಸಂಗದ ಮೂಟೆಗಳೆಲ್ಲ ಇಳಿದವು. ಪ್ರಕಟಣೆಗಳು ಬಂದವು. ಕುಂಬಳಕಾಯಿ, ಸಾಸೇಜುಗಳ ಹರಾಜು ಆರಾಧನೆಯ ನಂತರ. ಸ್ಮಶಾನದ ಹುಲ್ಲು ಕತ್ತರಿಸಲು ಬರುವವರು ಕುಡುಗೋಲು ತರಬೇಕು. ಕೊನೆಗೆ ಅವನು ಎಂದಿನಂತೆ ಕೇಳಿದ.

"ಇನ್ಯಾರಿಗಾದ್ರೂ ಏನಾದ್ರೂ ಪ್ರಕಟಣೆ ಇದ್ಯಾ?"

ನಾನು ಎದ್ದು ನಿಂತೆ. ಅವನು ಬೇಡ ಎಂದರೆ ಸೋಮವಾರದ ಫೋನಿಗೂ ಕಾಯದೆ ಆ ದಿನವೇ ಊರು ಬಿಡಬೇಕಾಗುತ್ತಿತ್ತು.

"ನನ್ನದೊಂದಿದೆ," ಎಂದೆ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಸಭೆಯ ಮುಂದೆ ಕೂಗುತ್ತಾರೆ. ಆ ಮಾತುಗಳನ್ನು ಆರ್ಗನ್ನಿನ ಮುಂದೆ ಕೂತು ಎಷ್ಟು ಜೋಡಿಗಳಿಗೆ ಕೇಳಿದ್ದೆನೋ. ಬಾಯಿಪಾಠವಾಗಿತ್ತು.

"ಈ ಸಭೆಯ ಸದಸ್ಯರಾದ ವಿಧುರ ಬರ್ಟೋಲ್ಡ್ ನೋಸ್ಕೆ ಮತ್ತು ವಿಧವೆ ಎಲ್ಫ್ರೀಡಾ ಪೆಕ್ ಮದುವೆಯಾಗಲು ಉದ್ದೇಶಿಸಿದ್ದಾರೆ. ಇದು ಮೊದಲನೇ ಪ್ರಕಟಣೆ. ಈ ಮದುವೆಗೆ ಅಡ್ಡಿಯಾಗುವ ಕಾರಣ ಯಾರಿಗಾದರೂ ತಿಳಿದಿದ್ದರೆ ಈಗಲೇ ಹೇಳಬೇಕು. ಇಲ್ಲದಿದ್ದರೆ ಸುಮ್ಮನಿರಬೇಕು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೆಲಸ ಅರ್ಧಕ್ಕೆ ಬಿಡುವವಳು ನಾನಲ್ಲ. ಛಾವಣಿಯ ಕಡೆ ಮುಖ ಎತ್ತಿ, "ಯಾರಾದ್ರೂ ಸರಿ," ಎಂದು ಸೇರಿಸಿದೆ.

ಮುಂದಿನ ಸಾಲಿನಲ್ಲಿ ಯಾರದೋ ಹಾಡಿನ ಪುಸ್ತಕ ಕೆಳಗೆ ಬಿತ್ತು.

ಬರ್ಟೋಲ್ಡ್ ನನ್ನನ್ನು ನೋಡಿದ. ಆಮೇಲೆ ಅವನೂ ಛಾವಣಿ ನೋಡಿದ. ಕಾದ. ನಾವೆಲ್ಲರೂ ಕಾದೆವು. ಕೆಮ್ಮುವ ಅಜ್ಜಂದಿರು ಕೆಮ್ಮಲಿಲ್ಲ, ಅಳುವ ಕೂಸುಗಳು ಅಳಲಿಲ್ಲ. ಮೇಟಾ ಕೂಡ ಮಾತಾಡಲಿಲ್ಲ. ಮೂರು ವರ್ಷ ಅವನು ಆ ಮೌನವನ್ನು ಕೇಳಿ, ಇನ್ನೂ ಬೇಡ ಎಂದು ಅರ್ಥ ಮಾಡಿಕೊಂಡಿದ್ದ. ಈಗ ಅದೇ ಮೌನ, ಅದೇ ದೇವರದು. ಆದರೆ ಈ ಸಲ ಪ್ರಶ್ನೆ ಬೇರೆ ಇತ್ತು. ಅವನ ಮುಖ ನಿಧಾನವಾಗಿ ಸಡಿಲವಾಗುವುದನ್ನು ನಾನು ನೋಡಿದೆ.

"ಆಕ್ಷೇಪಣೆ ಇಲ್ಲ," ಎಂದ ಅವನು. ಪ್ರಕಟಣೆಯ ಕಾಗದ ಮಡಿಸಿಟ್ಟು ಮತ್ತೆ ಹೇಳಿದ. "ಯಾರದ್ದೂ ಇಲ್ಲ. ಯಾವತ್ತೂ ಇರ್ಲಿಲ್ಲ ಅಂತ ಕಾಣುತ್ತೆ."

"ಆಮೆನ್, ಸದ್ಯ!" ಎಂದಳು ಮೇಟಾ.

ಮುಂದಿನ ಹಾಡಿನ ಸಂಖ್ಯೆ ಹೇಳಬೇಕಾದ ಹೊತ್ತು ಅದು. ಅವನು ಹೇಳಲಿಲ್ಲ. ಪೀಠದ ಮೆಟ್ಟಿಲಿಳಿದು, ಆರಾಧನೆ ನಡುವೆ ಸಭಾಹಿರಿಯ ಜಾಗ ಬಿಟ್ಟು ಕದಲಬಾರದು ಎಂಬ ನಿಯಮವನ್ನು ಎಲ್ಲರೆದುರು ಮುರಿದು, ಸೀದಾ ಆರ್ಗನ್ನಿನವರೆಗೆ ನಡೆದುಬಂದ. ನನ್ನ ಕೈ ಹಿಡಿದುಕೊಂಡ.

"ಎರಡನೇ ಪ್ರಕಟಣೆ ಮುಂದಿನ ಭಾನುವಾರ," ಎಂದು ಸಭೆಗೆ ಹೇಳಿದ. "ಅದನ್ನ ನಾನೇ ಕೂಗ್ತೀನಿ. ಯಾರೂ ನಂಗೆ ನೆನಪು ಮಾಡೋದು ಬೇಡ."